ಕೊಂಗ ಮಿಕ್ಸಿ ಅಂತ ಬರ್ಕೊಳಿ

ನಾನು ಬೋರ್ಡ್ ಬರೆಯುವವನು. ಅಂದರೆ ಹೊಟ್ಟೆಪಾಡಿಗೆ ಬೇರೆಯವರ ಹೆಸರು ಬರೆದುಕೊಂಡು ಬಂದವನು. ಮೈಸೂರಿನ ಅಗ್ರಹಾರದ ಸುತ್ತಮುತ್ತ ವಕೀಲರು, ಹಲ್ಲಿನ ಡಾಕ್ಟರು, ಬಟ್ಟೆ ಅಂಗಡಿಯವರು, ಯಾರ ಬಾಗಿಲ ಮೇಲಾದರೂ ಬಣ್ಣ ಮಾಸಿದ ಹಳೆಯ ಬೋರ್ಡ್ ಕಂಡರೆ ಅದು ನನ್ನ ಕೈಯದೇ ಇದ್ದೀತು. ಈಗ ಎಲ್ಲರಿಗೂ ಫ್ಲೆಕ್ಸ್ ಬೇಕು. ನಾನೂ ಶ್ರೀರಾಂಪುರದ ಮನೆಯ ಮುಂದಿನ ಕೋಣೆಯಲ್ಲಿ ಸ್ಟಿಕ್ಕರ್ ಕತ್ತರಿಸುವ ಮಷಿನ್ ಇಟ್ಟುಕೊಂಡು, ಬೈಕಿನ ಹಿಂದೆ ಅಂಟಿಸುವ ದೇವರ ಹೆಸರು, ಅಪ್ಪ ಅಮ್ಮನ ಆಶೀರ್ವಾದ, ಎಲ್ಲವನ್ನೂ ಕತ್ತರಿಸಿ ಕೊಡುತ್ತೇನೆ. ಬ್ರಷ್‌ಗಳು ಬಿಸ್ಕತ್ತಿನ ಡಬ್ಬದಲ್ಲಿ ಅಟ್ಟದ ಮೇಲಿದ್ದವು.

ಬೋರ್ಡಿನಲ್ಲಿ ಒಂದು ಒತ್ತಕ್ಷರ ಓರೆಯಾದರೆ ಮೂರು ದಿನ ಅನ್ನ ಸೇರದ ನಾನು, ಬಾಯಲ್ಲಿ ಮಾತ್ರ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ನನ್ನ ಬಾಮೈದ ನನಗೆ ಬೇವರ್ಸಿ. ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟ್ರು, ಅವರ ಬೆನ್ನ ಹಿಂದೆ, ಖದೀಮ. ಕಾಫಿ ಹೋಟೆಲಿನವನು ಗುರು. ರಸ್ತೆಯಲ್ಲಿ ಸಿಕ್ಕವರೆಲ್ಲ ಮಗಾ. "ನಿಮ್ಮ ಬಾಯಿಗೊಂದು ಬೀಗ ಹಾಕ್ಸಬೇಕು ಕಣ್ರೀ" ಅಂತ ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಹೇಳಿದ್ದಳು. ಹಾಕಿಸಲಿಲ್ಲ. ಹಾಕಿಸಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಇದು ನನ್ನ ಗೆಳೆಯನ ವಿಷಯ. ಅಗ್ರಹಾರದ ಒಂದು ಇಕ್ಕಟ್ಟು ಬೀದಿಯಲ್ಲಿ ಅವನದು ಮಿಕ್ಸಿ, ಗ್ರೈಂಡರ್, ಕುಕ್ಕರ್ ರಿಪೇರಿ ಅಂಗಡಿ. ಅವನ ತಂದೆ ಶುರು ಮಾಡಿದ್ದು. ಮನೆಮಾತು ತಮಿಳು. ತಾತನ ಕಾಲದಲ್ಲೇ ಬಂದು ಇಲ್ಲಿ ನೆಲೆ ನಿಂತವರು. ಹೈಸ್ಕೂಲಿನ ಮೊದಲ ವಾರದಿಂದ ನಾನು ಅವನನ್ನು 'ಕೊಂಗ' ಅಂತಲೇ ಕರೆದದ್ದು. ಮೈಸೂರಿನವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ, ತಮಿಳು ಮಾತಾಡುವವರನ್ನು ಹಂಗಿಸಲು ನಮ್ಮ ಕಡೆ ಬಳಸುವ ಪದ ಅದು.

ನನ್ನದು ಇಲವಾಲದ ಆಚೆಯ ಹಳ್ಳಿ, ಬೇಸಾಯದ ಮನೆ. ಹೈಸ್ಕೂಲಿಗೆ ಅಂತ ಪೇಟೆಗೆ ಬಂದ ಮೊದಲ ದಿನ ನನ್ನ ತಲೆಯ ಹರಳೆಣ್ಣೆ ಕಿವಿಯ ಹಿಂದಿನಿಂದ ಇಳಿದು ಕಾಲರಿಗೆ ಬಂದಿತ್ತು. ಇಡೀ ಕ್ಲಾಸು ನಕ್ಕಿತು. ಮೂರನೆಯ ಬೆಂಚಿನಲ್ಲಿದ್ದ ಒಬ್ಬ ಮಾತ್ರ ಸರಿದು ಜಾಗ ಮಾಡಿ, "ಬಾರೋ ಗಮಾರ, ಇಲ್ಲಿ ಕೂತ್ಕೋ" ಅಂದ. ಅವನೇ ಇವನು. ಬೈದದ್ದೂ ಅವನೇ, ಜಾಗ ಕೊಟ್ಟದ್ದೂ ಅವನೇ. ಉಳಿದವರು ಅವನನ್ನು ಕೊಂಗ ಅನ್ನುವುದನ್ನು ಕೇಳಿಸಿಕೊಂಡು ನಾನೂ ಹಾಗೇ ಅಂದೆ. ಹೀಗೆ ಒಬ್ಬರಿಗೊಬ್ಬರು ಒಂದೊಂದು ಬೈಗುಳ ಕೊಟ್ಟುಕೊಂಡು ಗೆಳೆಯರಾದೆವು. ಅವನ ಡಬ್ಬಿಯ ಮೊಸರನ್ನವನ್ನು ನಾನು ತಿಂದೆ, ನನ್ನ ಡಬ್ಬಿಯ ಹುರುಳಿ ಸಾರಿನ ಮುದ್ದೆಯನ್ನು ಅವನು ತಿಂದ. ಅವನಿಗೆ ಮುದ್ದೆ ನುಂಗುವುದಕ್ಕೆ ಬರುತ್ತಿರಲಿಲ್ಲ, ಅಗಿಯುತ್ತಿದ್ದ. ಅದಕ್ಕೂ ನಾನು, "ಲೋ ಕೊಂಗ, ನುಂಗೋ" ಅಂತಿದ್ದೆ.

ಪದಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂಥರಾ ಹುಚ್ಚು. ಬರೆಯುವ ಕೈ ಅಲ್ಲವೇ. ನಾನು ಖದೀಮ ಅನ್ನುವ ಮೇಷ್ಟ್ರೇ ನನಗೆ ಒಂದೊಂದಾಗಿ ಬಿಡಿಸಿ ಹೇಳಿದವರು. ಬೇವರ್ಸಿ ಅನ್ನುವುದು ಹಳೆಯ ಕಚೇರಿಗಳ ಬೇವಾರಸು, ವಾರಸುದಾರರಿಲ್ಲದ ಆಸ್ತಿಗೆ ಹಾಕುತ್ತಿದ್ದ ಪದವಂತೆ. ಸಾಹೇಬ ಅಂದರೆ ಒಡೆಯ. ಅದನ್ನೇ ಸವೆಸಿ ಸಾಬಿ ಮಾಡಿ, ಒಡೆಯನನ್ನು ಬೈಗುಳಕ್ಕೆ ಇಳಿಸಿದೆವಂತೆ. ಗಮಾರ ಅಂದರೆ ಬರೀ ಊರಿನವನು, ಹಳ್ಳಿಯವನು. ಇನ್ನು ಖದೀಮ? ಮೇಷ್ಟ್ರು ಕನ್ನಡಕ ಒರೆಸುತ್ತಾ, "ಮೂಲದಲ್ಲಿ ಖದೀಮ ಅಂದ್ರೆ ಹಳಬ ಅಂತ ಅಷ್ಟೇ ಕಣಪ್ಪ. ನೀನು ನನಗೆ ಹಾಗೆ ಅನ್ನೋದು ತಪ್ಪೇನಲ್ಲ" ಅಂದರು. ನಾನು ಆವತ್ತು ಅವರ ಮನೆಯ ಕಾಫಿಯನ್ನು ಪೂರ್ತಿ ಕುಡಿಯದೆ ಎದ್ದು ಬಂದೆ.

ಕೊಂಗ ಅನ್ನುವುದಕ್ಕೂ ಅವರ ಹತ್ತಿರ ಉತ್ತರವಿತ್ತು. ಕೊಯಮತ್ತೂರು, ಈರೋಡಿನ ಕಡೆಗೆ ಕೊಂಗುನಾಡು ಅಂತ ಹೆಸರು. ಅಲ್ಲಿಂದ ನಮ್ಮ ಕಡೆಗೆ ಬಂದವನು ಕೊಂಗ. ಬಯಲುಸೀಮೆಯವನು ಅನ್ನುವಷ್ಟೇ ಸಾದಾ ಮಾತು. ನನಗೆ ಎಷ್ಟು ಖುಷಿಯಾಯಿತೆಂದರೆ, ನೇರ ಸ್ಕೂಟರ್ ಹತ್ತಿ ಗೆಳೆಯನ ಅಂಗಡಿಗೆ ಹೋಗಿ ಈ ಸಂಶೋಧನೆಯನ್ನು ಒಪ್ಪಿಸಿದೆ. ಅವನು ಒಂದು ಮಿಕ್ಸಿ ಜಾರಿನ ಬ್ಲೇಡ್ ಬಿಚ್ಚುತ್ತಿದ್ದ. ತಲೆಯೆತ್ತದೆ, "ನಾವು ಆರ್ಕಾಟಿನ ಕಡೆಯೋರು ಕಣೋ. ಕೊಂಗುನಾಡನ್ನ ನಾನು ಕಣ್ಣಲ್ಲೂ ನೋಡಿಲ್ಲ. ಇಷ್ಟು ವರ್ಷದಿಂದ ತಪ್ಪು ಅಡ್ರೆಸ್ಸಿಗೆ ಕಾಗದ ಹಾಕ್ತಾ ಇದೀಯ" ಅಂದ. ನಾನು ಬಿದ್ದು ಬಿದ್ದು ನಕ್ಕೆ. ಎದುರಿನ ಹೋಟೆಲಿನ ಗುರುವಿಗೂ ಹೇಳಿ ನಗಿಸಿದೆ.

ನನ್ನ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವಿತ್ತು, ಅದು ನಮ್ಮಮ್ಮನಿಂದ ಬಂದದ್ದು. ಅಮ್ಮ ನಮ್ಮನ್ನು ಊಟಕ್ಕೆ ಕರೆಯುತ್ತಿದ್ದುದೇ "ಬರ್‍ರೋ ಮುಂಡೇವಾ" ಅಂತ. ಜ್ವರ ಬಂದು ಮಲಗಿದರೆ ಹಣೆ ಮುಟ್ಟಿ, "ಅಯ್ಯೋ ಮುಂಡೇದೇ, ಎಂಗ್ ಕಾಯ್ತಾ ಅದೆ ಮೈ" ಅನ್ನುತ್ತಿದ್ದಳು. ಮುಂಡೆ ಅಂದರೆ ಗಂಡ ಸತ್ತವಳು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದ ಮೇಲೂ ಆ ಪದ ಕಿವಿಗೆ ಬಿದ್ದರೆ ನನಗೆ ನೆನಪಾಗುವುದು ಅಮ್ಮನ ಅಂಗೈಯೇ ಹೊರತು ಬೇರೇನಲ್ಲ. ಪ್ರೀತಿಯಿಂದ ಬಳಸಿ ಬಳಸಿ ಯಾವ ಕೆಟ್ಟ ಪದವನ್ನಾದರೂ ಒಳ್ಳೆಯದು ಮಾಡಬಹುದು ಅಂತ ನಾನು ನಂಬಿದ್ದೆ. ಸಿಕ್ಕಿದವರಿಗೆಲ್ಲ ಇದನ್ನು ಹೇಳುತ್ತಲೂ ಇದ್ದೆ.

ಇನ್ನೊಂದು ಕಥೆಯನ್ನೂ ಹೇಳುತ್ತಿದ್ದೆ. ಆಗ ನಮಗಿಬ್ಬರಿಗೂ ಇಪ್ಪತ್ತು ದಾಟಿತ್ತು. ಕಾವೇರಿ ನೀರಿನ ಗಲಾಟೆ ಜೋರಾಗಿದ್ದ ದಿನಗಳು. ಊರಿನಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ತಮಿಳರ ಹೆಸರಿದ್ದ ಅಂಗಡಿಗಳನ್ನು ಹುಡುಕಿಕೊಂಡು ಜನ ಗುಂಪು ಕಟ್ಟಿಕೊಂಡು ತಿರುಗುತ್ತಿದ್ದರು. ಗೆಳೆಯನ ಅಂಗಡಿಯ ಬೋರ್ಡಿನ ಮೇಲೆ ಅವನ ತಂದೆಯ ಹೆಸರಿತ್ತು, ಓದಿದ ಕೂಡಲೇ ತಮಿಳರದು ಅಂತ ಗೊತ್ತಾಗುವ ಹೆಸರು. ನಾನು ಮಟಮಟ ಮಧ್ಯಾಹ್ನ ಏಣಿ ಹೊತ್ತುಕೊಂಡು ಹೋದೆ. ಅವನೂ ಅವನ ತಂದೆಯೂ ಶಟರ್ ಎಳೆದುಕೊಂಡು ಒಳಗೆ ಕೂತಿದ್ದರು. ನಾನು ತಂದೆಯ ಹೆಸರಿನ ಮೇಲೆ ಕೆಂಪು ಎನಾಮೆಲ್ ಬಳಿದು, ಅದರ ಮೇಲ್ಗಡೆಯ ಖಾಲಿ ಜಾಗದಲ್ಲಿ 'ಶ್ರೀ ಚಾಮುಂಡೇಶ್ವರಿ' ಅಂತ ಬರೆಯುತ್ತಿದ್ದಾಗ ಗುಂಪು ಬಂತು. "ಯಾವ ಕೊಂಗಂದೋ ಅಂಗ್ಡಿ ಇದು?" ಅಂತ ಒಬ್ಬ ಕೂಗಿದ. ನಾನು ಏಣಿಯ ಮೇಲಿಂದಲೇ, "ನಮ್ದೇ ಕಣಣ್ಣ, ಇಲವಾಲದೋರು. ಬೋರ್ಡ್ ಕಾಣ್ತಾ ಇಲ್ವಾ?" ಅಂದೆ. ಬಣ್ಣ ಇನ್ನೂ ಹಸಿಯಾಗಿತ್ತು. ಅವರು ಮುಂದೆ ಹೋದರು. ಇಳಿದು ಬಂದು ಶಟರ್ ತಟ್ಟಿ, "ಲೋ ಕೊಂಗ, ಹೋದ್ರು ಕಣೋ, ಆಚೆ ಬಾ" ಅಂದೆ.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಕೊನೆಯ ಸಾಲಿಗೆ ಎಲ್ಲರೂ ನಗುತ್ತಿದ್ದರು. ಗೆಳೆಯನೂ ಅಲ್ಲೇ ಇರುತ್ತಿದ್ದ. ಅವನು ನಗುತ್ತಿದ್ದನೋ ಇಲ್ಲವೋ ನಾನು ನೋಡಿದವನಲ್ಲ. ಕಥೆ ಹೇಳುವವನು ಕೇಳುವವರ ಮುಖ ನೋಡುತ್ತಾನೆಯೇ ಹೊರತು ಕಥೆಯೊಳಗಿದ್ದವನ ಮುಖ ನೋಡುವುದಿಲ್ಲ. ಕೊಂಗ ಅನ್ನುವುದಕ್ಕೆ ನನಗೆ ಪರವಾನಗಿ ಸಿಕ್ಕಿದ್ದೇ ಆವತ್ತು ಅಂತ ನಾನು ತಿಳಿದುಕೊಂಡಿದ್ದೆ.

ನಾನು ಶ್ರೀರಾಂಪುರಕ್ಕೆ ಮನೆ ಬದಲಾಯಿಸಿದ ಮೇಲೆ ಅವನಿಗೆ ಗಿರಾಕಿಗಳನ್ನು ಕಳಿಸುವುದು ನನ್ನ ಕೆಲಸವಾಯಿತು. ಹೊಸ ಬಡಾವಣೆ, ಎಲ್ಲೆಲ್ಲಿಂದಲೋ ಬಂದ ಜನ. ಮಿಕ್ಸಿ ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಅಂತ ಅವರಿಗೆ ತಿಳಿಯದು. ಯಾರಾದರೂ ಕೇಳಿದರೆ ಸಾಕು, ನಾನು ಗೇಟಿನ ಹತ್ತಿರ ನಿಂತೇ ನಂಬರ್ ಹೇಳಿ, "ಕೊಂಗ ಮಿಕ್ಸಿ ಅಂತ ಬರ್ಕೊಳಿ. ಮೈಸೂರಲ್ಲೇ ಅಂಥಾ ಕೈ ಇನ್ನೊಂದಿಲ್ಲ" ಅನ್ನುತ್ತಿದ್ದೆ. ಅವರು ಫೋನಿನಲ್ಲಿ ಹಾಗೇ ಬರೆದುಕೊಳ್ಳುತ್ತಿದ್ದರು. ಹೊಸ ಮಿಕ್ಸಿ ಕೊಳ್ಳುವ ಬದಲು ಹಳೆಯದನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಅಗ್ರಹಾರಕ್ಕೆ ಹೋಗುತ್ತಿದ್ದರು. "ಶ್ರೀರಾಂಪುರದ ಚಟ್ನಿಯೆಲ್ಲ ಈಗ ನನ್ನ ಕೈಲಿದೆ" ಅಂತ ಅವನೇ ಒಂದು ಸಲ ಹೇಳಿದ್ದ.

ಅವರಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು. ಅವರಿಗೆ ಕೊಂಗ ಅನ್ನುವ ಪದವೇ ಹೊಸದು. ಅದು ಅವನ ಹೆಸರೋ ಮನೆತನದ ಹೆಸರೋ ಇರಬೇಕು ಅಂದುಕೊಂಡು, "ಕೊಂಗ ಸರ್ ಬಾಳ ಚಲೋ ಮಂದಿ ಅದಾರ್ರೀ. ನಮ್ಮ ಮಿಕ್ಸರ್ ಹೊಸಾದರಗತೆ ಮಾಡಿ ಕೊಟ್ರು" ಅಂದರು. ನಾನು ಮಾರನೆಯ ದಿನ ತೊಡೆ ತಟ್ಟಿಕೊಂಡು ನಗುತ್ತಾ ಇದನ್ನು ಅವನಿಗೆ ಹೇಳಿದೆ. ನೋಡು, ಬೈಗುಳ ಹೇಗೆ ಮರ್ಯಾದೆಯ ಮಾತಾಗಿಹೋಯಿತು, ನಾನು ಹೇಳಲಿಲ್ಲವೇ ಅಂದೆ. "ಸರ್ ಅಂತಾದ್ರೂ ಸೇರಿಸ್ತಾರಲ್ಲ" ಅಂದು ಅವನು ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟ.

ಕಾಫಿಯ ವಿಷಯ ಹೇಳಬೇಕು. ಬೆಳಿಗ್ಗೆ ಅವನು ಅಂಗಡಿ ತೆಗೆಯುವ ಹೊತ್ತಿಗೆ ನಾನು ಸ್ಕೂಟರಿನಲ್ಲಿ ಹೋಗಿ, ಇಬ್ಬರೂ ಎದುರಿನ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುವುದು ನಮ್ಮ ಪದ್ಧತಿ. ಒಂದು ಕಾಫಿ, ಎರಡು ಲೋಟ. ಇಬ್ಬರೂ ಒಂದೊಂದು ಪೂರ್ತಿ ಕುಡಿಯಬಹುದು, ಆದರೆ ಅದು ಕಾಫಿಯೇ ಅಲ್ಲ. ಹೋದ ವರ್ಷ ಶಾಲೆ ಶುರುವಾದ ಹೊಸತರಲ್ಲಿ ಒಂದು ದಿನ ನಾನು ಹೋದಾಗ ಅವನು ಹೋಟೆಲಿಗೆ ಬರಲಿಲ್ಲ. ಅಂಗಡಿಗೇ ಹೋದೆ. ಅವನು ಸ್ಟೂಲನ್ನು ಒರೆಸಿ ನನ್ನ ಕಡೆ ತಳ್ಳಿ, "ಬನ್ನಿ ಗೌಡ್ರೇ, ಕೂತ್ಕೊಳಿ" ಅಂದ.

ಬನ್ನಿ ಅಂದನಲ್ಲ. ಅಷ್ಟು ವರ್ಷವೂ ನಾನು ಅವನಿಗೆ ಬಾರೋ ಗಮಾರನೇ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು, "ಏನೋ ಕೊಂಗ, ಇವತ್ತು ಬಲು ಮರ್ಯಾದೆ" ಅಂದೆ. ಅವನು ಒಂದು ಜಾರನ್ನು ಎತ್ತಿಕೊಂಡು ಬಿಚ್ಚತೊಡಗಿದ. ಮಾರನೆಯ ದಿನವೂ ಗೌಡ್ರೇ, ಅದರ ಮಾರನೆಯ ದಿನವೂ ಗೌಡ್ರೇ. ನನ್ನ ಮೂಗಿನ ತುದಿಯ ಸಿಟ್ಟು ಎಲ್ಲರಿಗೂ ಗೊತ್ತಿರುವುದೇ. "ಬಾರಿ ದೊಡ್ಡ ಮನುಷ್ಯ ಆಗ್ಬುಟ್ಟೆ ಬುಡು" ಅಂದು ಸ್ಕೂಟರ್ ಹತ್ತಿ ಬಂದೆ. ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಒಬ್ಬನೇ ಪೂರ್ತಿ ಕಾಫಿ ಕುಡಿದರೆ ಎದೆ ಉರಿಯುತ್ತಿತ್ತು.

ಏನಾಯಿತು ಅಂತ ಗೊತ್ತಾದದ್ದು ಅವನ ಮಗಳಿಂದ. ಅವಳು ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ನಾಲ್ಕನೇ ಕ್ಲಾಸಿನ ತನ್ನ ಮಗಳ ನೋಟ್‌ಬುಕ್ಕುಗಳಿಗೆ ಹೆಸರಿನ ಸ್ಟಿಕ್ಕರ್ ಮಾಡಿಸಲು ಪ್ರತಿ ವರ್ಷದಂತೆ ನನ್ನ ಮನೆಗೆ ಬಂದಳು. ಮಷಿನ್ ಓಡುತ್ತಿದ್ದಾಗ ನಾನು, "ನಿಮ್ಮಪ್ಪನಿಗೆ ಏನಾಗಿದೆಯಮ್ಮ?" ಅಂತ ಕೇಳಿದೆ. ಅವಳು ಹೇಳಿದಳು.

ಮಗು ಶಾಲೆಯ ವ್ಯಾನಿನಲ್ಲಿ ತಾತನ ಅಂಗಡಿಯ ಹತ್ತಿರ ಇಳಿಯುತ್ತದೆ. ಹೊಸ ಡ್ರೈವರು. ನನ್ನ ಗೆಳೆಯ ಒಂದು ದಿನ ಅವನಿಗೆ ಫೋನ್ ಮಾಡಿದ್ದಾನೆ. ಕರೆ ಮಾಡಿದವರ ಹೆಸರು ತೋರಿಸುವ ಒಂದು ಆಪ್ ಇರುತ್ತದಲ್ಲ. ನಿಮ್ಮ ನಂಬರನ್ನು ಹತ್ತು ಜನ ಯಾವ ಹೆಸರಿನಲ್ಲಿ ಬರೆದುಕೊಂಡಿದ್ದಾರೋ ಅದನ್ನೇ ಹನ್ನೊಂದನೆಯವನಿಗೆ ತೋರಿಸುವುದು ಅದರ ಕೆಲಸ. ಡ್ರೈವರಿನ ಫೋನಿನಲ್ಲಿ ಬಂದದ್ದು 'ಕೊಂಗ ಮಿಕ್ಸಿ'. ಅವನು ಬೇರೆ ಊರಿನವನು, ಅದೇ ಹೆಸರು ಅಂದುಕೊಂಡ. ಮಾರನೆಯ ದಿನ ವ್ಯಾನ್ ನಿಲ್ಲಿಸಿ, "ಕೊಂಗ ಮಿಕ್ಸಿ ಅಂಗಡಿ ಬಂತು, ಇಳಿಯಮ್ಮ" ಅಂದ. ವ್ಯಾನಿನ ಹಿಂದಿನ ಸೀಟಿನಲ್ಲಿದ್ದ ದೊಡ್ಡ ಮಕ್ಕಳಿಗೆ ಪದ ಗೊತ್ತಿತ್ತು. ಅಂದಿನಿಂದ ಮಗುವಿನ ಹೆಸರೇ ಕೊಂಗ ಆಯಿತು. ಅವಳು ಹತ್ತುವಾಗ ಕೊಂಗ, ಇಳಿಯುವಾಗ ಕೊಂಗ.

"ಊಟಕ್ಕೆ ಕೂತಾಗ ಕೊಂಗ ಅಂದ್ರೇನು ತಾತ ಅಂತ ಕೇಳಿದ್ಲು ಮಾಮ" ಅಂದಳು ಮಗಳು. "ಅಪ್ಪ ಅನ್ನ ಕಲಸ್ತಾ ಇದ್ದೋರು ಎದ್ದುಬಿಟ್ರು. ಅಂಗಡಿ ಬಾಗಿಲು ಹಾಕಿದೀನಾ ನೋಡ್ಕೊಂಡು ಬರ್ತೀನಿ ಅಂತ ಹೋದ್ರು. ಬಾಗಿಲು ಹಾಕೇ ಇತ್ತು."

ಆ ಹೆಸರು ಎಲ್ಲಿಂದ ಹೊರಟಿತು ಅಂತ ಅವಳು ಹೇಳಲಿಲ್ಲ. ಸ್ಟಿಕ್ಕರುಗಳನ್ನು ಜೋಡಿಸಿಕೊಂಡು, ಬರ್ತೀನಿ ಮಾಮ ಅಂದು ಹೋದಳು. ನನಗೆ ಮೊದಲು ಬಂದದ್ದು ಸಿಟ್ಟೇ. ಆ ಡ್ರೈವರಿನ ಮೇಲೆ ಬಂತು, ಆ ಆಪ್ ಮಾಡಿದವನ ಮೇಲೆ ಬಂತು, ಹಿಂದಿನ ಸೀಟಿನ ಮಕ್ಕಳ ಮೇಲೆ, ಅವರ ಅಪ್ಪ ಅಮ್ಮಂದಿರ ಮೇಲೆ ಬಂತು. ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಉಳಿದವನು ನಾನೊಬ್ಬನೇ.

ಆದರೂ ಅಂಗಡಿಗೆ ಹೋದವನು ತಪ್ಪು ತುದಿಯಿಂದಲೇ ಮಾತು ಎತ್ತಿದೆ. "ಇಷ್ಟು ವರ್ಷ ಸುಮ್ನಿದ್ದು ಈಗೇನೋ ನಿಂದು? ನೀನೂ ನನ್ನ ಗಮಾರ ಅಂತಿರ್ಲಿಲ್ವಾ?" ಅಂದೆ.

ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅದನ್ನು ಮೇಜಿನ ಮೇಲೆ ಇಟ್ಟ. "ಅಂತಿದ್ದೆ. ಗಮಾರ ಎಲ್ಲಿ ಅಂತ ಕೇಳ್ಕೊಂಡು ಯಾರಾದ್ರೂ ಕಲ್ಲು ಹಿಡ್ಕೊಂಡು ನಿಮ್ಮನೆ ಮುಂದೆ ಬಂದಿದ್ರಾ ಗೌಡ್ರೇ?"

ಅವನೇ ಮುಂದುವರಿಸಿದ. ದನಿ ಏರಿಸಲಿಲ್ಲ. "ಆವತ್ತಿನ ಕಥೆ ನೀವು ಚೆನ್ನಾಗಿ ಹೇಳ್ತೀರ. ಶಟರ್ ಆಚೆ ಏನಾಯ್ತು ಅಂತ ನಿಮಗೆ ಗೊತ್ತು. ಒಳಗೆ ಏನಾಯ್ತು ಗೊತ್ತಾ? ಗುಂಪು ಹೋಗಿದ್ದು ನಮಗೂ ಕೇಳಿಸ್ತು. ಅಪ್ಪ ಉಸಿರು ಬಿಟ್ಟು, ಗೋಡೆ ಹಿಡ್ಕೊಂಡು ಎದ್ರು. ಅಷ್ಟೊತ್ತಿಗೆ ಶಟರ್ ಮೇಲೆ ದಬದಬ ಅಂತ ಬಡಿದು ಯಾರೋ 'ಲೋ ಕೊಂಗ' ಅಂದ್ರು. ಅಪ್ಪ ಮತ್ತೆ ಕೂತ್ಕೊಂಡ್ಬುಟ್ರು. ಪಂಚೆ ಒದ್ದೆ ಆಗಿತ್ತು. ನಿಮ್ಮ ದನಿ ಅಂತ ನಂಗೆ ಗೊತ್ತಾಯ್ತು, ಅವರಿಗೆ ಗೊತ್ತಾಗ್ಲಿಲ್ಲ. ಅವರ ಪಂಚೆ ಬದಲಾಯಿಸಿ ಆಮೇಲೆ ನಾನು ಶಟರ್ ಎತ್ತಿದ್ದು."

ಶಟರ್ ಏಳಲು ಆವತ್ತು ತಡವಾಗಿದ್ದು ನನಗೆ ನೆನಪಿದೆ. ಅದನ್ನೂ ನಾನು ಕಥೆಯಲ್ಲಿ ಸೇರಿಸುತ್ತಿದ್ದೆ, ಪುಕ್ಕಲರು ಬಾಗಿಲು ತೆಗೆಯಲೇ ಇಲ್ಲ ಅಂತ.

"ಇಷ್ಟು ದಿನ ಯಾಕೋ ಹೇಳ್ಲಿಲ್ಲ?" ಅಂದೆ.

"ನಮ್ಮನ್ನ ಉಳಿಸಿದೋರು ನೀವು. ಉಳಿಸಿದೋರಿಗೆ ಹೇಗೆ ಹೇಳೋದು" ಅಂದ. "ನನ್ನ ಮಟ್ಟಿಗೆ ನಡೀತಿತ್ತು. ಮೊಮ್ಮಗಳ ತನಕ ಬರುತ್ತೆ ಅಂದ್ಕೊಂಡಿರ್ಲಿಲ್ಲ."

ಅಂದು ಸ್ಕೂಟರನ್ನು ತಳ್ಳಿಕೊಂಡೇ ಬಹಳ ದೂರ ಬಂದೆ. ಶುರು ಮಾಡಬಹುದು ಅನ್ನುವುದೇ ಹೊಳೆದಿರಲಿಲ್ಲ. ದಾರಿಯಲ್ಲಿ ನೆನಪಾದದ್ದು ಅಮ್ಮ. ನನಗೊಬ್ಬಳು ಚಿಕ್ಕಮ್ಮ ಇದ್ದಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅವಳು ನಮ್ಮ ಮನೆಗೆ ಬಂದು ಇರುತ್ತಿದ್ದ ದಿನಗಳಲ್ಲಿ ಅಮ್ಮ ನಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಹಬ್ಬಕ್ಕೆ ನೆಂಟರು ಬಂದಾಗ ಅಮ್ಮ ನಾಜೂಕಾಗುತ್ತಾಳೆ ಅಂತ ನಾವು ಮಕ್ಕಳು ನಗುತ್ತಿದ್ದೆವು. ಆ ಪದವನ್ನು ಅಷ್ಟು ಪ್ರೀತಿಯಿಂದ ಆಡುತ್ತಿದ್ದ ನಮ್ಮಮ್ಮ, ಚಿಕ್ಕಮ್ಮನ ಕಿವಿಗೆ ಮಾತ್ರ ಅದನ್ನು ಒಂದು ದಿನವೂ ಬೀಳಿಸಲಿಲ್ಲ. ಓದು ಬರಹ ತಿಳಿಯದ ಹೆಂಗಸು. ಅವಳಿಗೆ ಗೊತ್ತಿದ್ದದ್ದು ನನಗೆ ಅರವತ್ತು ಸಮೀಪಿಸಿದರೂ ಗೊತ್ತಾಗಿರಲಿಲ್ಲ. ರಸ್ತೆಯ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಾನು ಅತ್ತೆ.

ಮಾರನೆಯ ದಿನ ಮಷಿನ್ ಮುಂದೆ ಕೂತೆ. ಗೆಳೆಯನ ಹೆಸರು, ನಂಬರು, 'ಮಿಕ್ಸಿ ರಿಪೇರಿ' ಅಂತ ಸ್ಟಿಕ್ಕರ್ ಮಾಡಿ, ಮನೆಮನೆಗೂ ಕೊಟ್ಟು, ಫೋನಿನಲ್ಲಿ ಹೆಸರು ಬದಲಾಯಿಸಿಕೊಳ್ಳಿ ಅಂತ ಕೇಳಿಕೊಳ್ಳುವುದು ನನ್ನ ಉಪಾಯ. ಹೆಸರು ಟೈಪ್ ಮಾಡಲು ಹೋದರೆ ಇನಿಷಿಯಲ್ ಗೊತ್ತಿಲ್ಲ. ಅದು ಅವನ ತಂದೆಯ ಹೆಸರಿನ ಮೊದಲಕ್ಷರ. ಯಾವ ಹೆಸರಿನ ಮೇಲೆ ನಾನು ಕೆಂಪು ಬಣ್ಣ ಬಳಿದೆನೋ ಆ ಹೆಸರು ನನಗೆ ಮರೆತುಹೋಗಿತ್ತು. ಅವನ ಮಗಳಿಗೆ ಫೋನ್ ಮಾಡಿ ಕೇಳಿದೆ. ನನಗೆ ನಾಚಿಕೆಯಾಯಿತು.

ಶ್ರೀರಾಂಪುರದಲ್ಲಿ ನಾನು ಎಷ್ಟು ಗೇಟುಗಳ ಮುಂದೆ ನಿಂತು ಆ ಪದವನ್ನು ಹಂಚಿದ್ದೆನೋ ಅಷ್ಟು ಗೇಟುಗಳ ಮುಂದೆ ಮತ್ತೆ ನಿಂತೆ. ಸಂಜೆ ಹೊತ್ತು, ಕೈಯಲ್ಲಿ ಸ್ಟಿಕ್ಕರಿನ ಕಟ್ಟು. ಕೆಲವರು, "ಅಯ್ಯೋ, ಅದು ಬೈಗುಳಾನಾ?" ಅಂತ ಕೂಡಲೇ ಬದಲಾಯಿಸಿಕೊಂಡರು. ಕೆಲವರಿಗೆ ಫೋನಿನಲ್ಲಿ ಹೆಸರು ಬದಲಾಯಿಸುವುದು ಹೇಗೆ ಅಂತ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೂರನೆಯ ಕ್ರಾಸಿನ ಒಬ್ಬ ಹಿರಿಯರು ಬಾಗಿಲಲ್ಲೇ ನಿಂತು, "ಕೊಂಗನ್ನ ಕೊಂಗ ಅನ್ನದೆ ಇನ್ನೇನ್ರೀ ಅನ್ನೋದು? ಪ್ರೀತಿಯಿಂದ ಅನ್ನೋದಪ್ಪ" ಅಂದರು. ಅವರ ಬಾಯಲ್ಲಿ ನನ್ನದೇ ಮಾತು ಕೇಳಿ ಮೈಯೆಲ್ಲ ಉರಿಯಿತು. ಒಳಗೆ ಹೋಗಿ, ಅವರ ಮಿಕ್ಸಿಯ ಮೇಲೆ ಸ್ಟಿಕ್ಕರನ್ನು ನಾನೇ ಅಂಟಿಸಿ ಬಂದೆ. ಬದುಕಿನಲ್ಲಿ ಮೊದಲ ಸಲ ಬೇಕೆಂತಲೇ ಓರೆಯಾಗಿ ಅಂಟಿಸಿದೆ.

ಹುಬ್ಬಳ್ಳಿಯ ಹೆಣ್ಣುಮಗಳು ಮಾತ್ರ ಕೇಳಿದವರೇ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟರು. "ಅಯ್ಯ ಶಿವನ, ನಾ ಅವರ ಮಾರಿ ಮುಂದನ ಅಂದೇನಲ್ರೀ! ಅವರ ಮನಸಿಗೆ ಎಷ್ಟ್ ತ್ರಾಸ ಆಗಿರ್ಬೇಕು. ನೀವರ ಮೊದಲ ಹೇಳಬಾರದೇನ್ರೀ?" ಅಂತ ನನ್ನನ್ನು ದಬಾಯಿಸಿದರು. ತಿಳಿಯದೆ ಅಂದ ಆ ತಾಯಿ ಶೇಂಗಾ ಹೋಳಿಗೆ ಮಾಡಿಕೊಂಡು ಅಂಗಡಿಗೇ ಹೋಗಿ ತಪ್ಪಾಯಿತು ಅಂದು ಬಂದರು. ತಿಳಿದೂ ಅಂದ ನಾನು ಇನ್ನೂ ಅಷ್ಟು ಹೇಳಿರಲಿಲ್ಲ.

ಆಪಿನಲ್ಲಿ ಹೆಸರು ಬದಲಾಗಲು ತಿಂಗಳುಗಳು ಹಿಡಿದವು. ಈಗಲೂ ಯಾರ ಫೋನಿನಲ್ಲಾದರೂ ಹಳೆಯದೇ ಬರುತ್ತದೋ ಏನೋ. ಮಗಳು ವ್ಯಾನಿನ ಡ್ರೈವರಿಗೆ ಹೇಳಿದಳು, ಅವನು ಪಾಪ ಕೈ ಮುಗಿದನಂತೆ. ಮಕ್ಕಳು ಸ್ವಲ್ಪ ದಿನಕ್ಕೆ ಬಿಟ್ಟರು. ಗೆಳೆಯ ಮಾತ್ರ ನನ್ನನ್ನು ಗೌಡ್ರೇ ಅನ್ನುವುದನ್ನು ಬಿಡಲಿಲ್ಲ. ಕಾಫಿಗೆ ಬರತೊಡಗಿದ, ಆದರೆ ನೀವು ತಾವು. ಬೈಟು ಕಾಫಿಯಲ್ಲಿ ತನ್ನ ಪಾಲನ್ನು ಕುಡಿದು, ಬರ್ತೀನಿ ಗೌಡ್ರೇ ಅಂದು ಎದ್ದು ಹೋಗುತ್ತಿದ್ದ.

ಕೊನೆಗೆ ಒಂದು ದಿನ, ಬೋರ್ಡ್ ಮತ್ತೆ ಬರೆದುಕೊಡುತ್ತೇನೆ ಅಂದೆ. "ಯಾಕೆ ಗೌಡ್ರೇ, ಚಾಮುಂಡಿ ಇದ್ದಾಳಲ್ಲ ಬಿಡಿ" ಅಂದ. ಚಾಮುಂಡಿ ಇರಲಿ, ಅವಳ ಕೆಳಗೆ ನಿಮ್ಮಪ್ಪನ ಹೆಸರು ಬರಲಿ ಅಂದೆ. ಅವನು ಮತ್ತೆ ತನ್ನ ಕೆಲಸಕ್ಕೆ ಬಗ್ಗಿದ. ಬೇಡ ಅನ್ನಲಿಲ್ಲವಲ್ಲ, ಅಷ್ಟು ಸಾಕಾಯಿತು ನನಗೆ.

ಅಟ್ಟದಿಂದ ಬ್ರಷ್ ಇಳಿಸಿ, ಟರ್ಪೆಂಟೈನಿನಲ್ಲಿ ನೆನೆಸಿ, ಒಂದು ಭಾನುವಾರ ಬೆಳಿಗ್ಗೆ ಏಣಿ ಹಾಕಿದೆ. ಮೊಮ್ಮಗಳು ಏಣಿಯ ಬುಡ ಹಿಡಿದುಕೊಂಡು ನಿಂತಳು. ಅವಳಿಗೆ ನಾನು ಬೋರ್ಡ್ ತಾತ. ಚಾಮುಂಡಿಯ ಕೆಳಗಿನ ಕೆಂಪು ಎನಾಮೆಲನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ಹಳೆಯ ಪೇಂಟರ್ ಯಾರೋ ಬರೆದಿದ್ದ ಅಕ್ಷರಗಳು ಕೆಳಗೆ ಹಾಗೇ ಇದ್ದವು, ಮಾಸಲು ಹಳದಿಯಲ್ಲಿ. ಚೆನ್ನಾದ ಕೈ. ನಾನು ಹೊಸದಾಗಿ ಅಳತೆ ಹಾಕಲಿಲ್ಲ, ಆ ಅಕ್ಷರಗಳ ಮೇಲೆಯೇ ಬ್ರಷ್ ಓಡಿಸಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಬೇಕು ಅನ್ನಿಸಿದವರು ಅಂಗಡಿಯ ಮುಂದೆ ಹೋಗಿ ನಿಂತು ಓದಲಿ.

ಅರ್ಧ ಬರೆದಿದ್ದೆ. ಕೆಳಗಿನಿಂದ ಮಗು, "ಬೋರ್ಡ್ ತಾತ, ಕೊಂಗ ಅಂದ್ರೇನು? ಯಾರೂ ಹೇಳ್ತಾನೇ ಇಲ್ಲ" ಅಂದಳು.

ನಾನು ಬ್ರಷ್ ನಿಲ್ಲಿಸಿದೆ. "ಅದೊಂದು ಸೀಮೆಯ ಹೆಸರು ಕಣಮ್ಮ. ಅಲ್ಲಿನ ಜನಕ್ಕೆ ಹಾಗಂತಿದ್ರು. ಆಮೇಲೆ ನಮ್ಮೋರು ಅದನ್ನ ಬೈಗುಳ ಮಾಡ್ಕೊಂಡ್ರು. ತಮಿಳು ಮಾತಾಡೋರನ್ನ ನೋಯಿಸೋಕೆ ಅನ್ನೋದು. ನಾನೂ ಅಂದಿದ್ದೀನಿ."

"ನಮ್ಮ ತಾತಂಗಾ?"

"ಹೂಂ. ನಿಮ್ಮ ತಾತಂಗೇ. ಬಾಳ ವರ್ಷ."

"ಸಾರಿ ಕೇಳಿದ್ರಾ?"

"ಈಗ ಬರೀತಾ ಇದೀನಲ್ಲಮ್ಮ ಬೋರ್ಡು" ಅಂದೆ.

"ಬೋರ್ಡ್ ಬರೆಯೋದು ಬೇರೆ" ಅಂದಳು ಅವಳು, ಏಣಿಯನ್ನು ಬಿಡದೆ.

ಗೆಳೆಯ ಬೀದಿಯ ಆ ಬದಿಯಲ್ಲಿ, ಹೋಟೆಲಿನ ಮುಂದೆ, ನನಗೆ ಬೆನ್ನು ಹಾಕಿಕೊಂಡು ಗುರುವಿನ ಜೊತೆ ಮಾತಾಡುತ್ತಿದ್ದ. ನಾನು "ಲೋ" ಅಂದೆ. ಅದರ ಮುಂದಿನ ಪದ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಅದನ್ನು ನುಂಗಿದೆ. ನುಂಗಿ, ಅವನ ಹೆಸರು ಹಿಡಿದು ಕರೆದೆ. ನಲವತ್ತೈದು ವರ್ಷದಲ್ಲಿ ಮೊದಲ ಸಲ.

ಅವನು ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನನ್ನ ಕಡೆ ನೋಡಿದರು, ಅವನು ನೋಡಲಿಲ್ಲ. ಮೂರನೆಯ ಸಲವೂ ಕರೆದೆ.

"ತಾತಾ!" ಅಂತ ಮಗು ಕಿರುಚಿದಳು. "ಬೋರ್ಡ್ ತಾತ ಕರೀತಿರೋದು ನಿನ್ನನ್ನೇ!"

ಅವನು ತಿರುಗಿ, ನನ್ನನ್ನು ನೋಡಿ, ಆಮೇಲೆ ಬೋರ್ಡನ್ನು ನೋಡಿದ. ತುಂಬಾ ಹೊತ್ತು ನೋಡಿದ. ಕಾಫಿಯ ಎರಡು ಲೋಟಗಳನ್ನು ಹಿಡಿದುಕೊಂಡು ಬೀದಿ ದಾಟಿ ಏಣಿಯ ಹತ್ತಿರ ಬಂದ. ನಾನು ಮೇಲಿನ ಮೆಟ್ಟಿಲಲ್ಲೇ ನಿಂತು, "ತಪ್ಪಾಯ್ತು ಕಣೋ. ನಿಮ್ಮಪ್ಪ ಇದ್ದಾಗ ಅವರಿಗೂ ಹೇಳ್ಬೇಕಿತ್ತು" ಅಂದೆ.

ಅವನು ನನ್ನ ಪಾಲಿನ ಲೋಟವನ್ನು ಮೇಲಕ್ಕೆ ಚಾಚಿದ.

"ನೀನು ಕರೆದದ್ದು ಅಂತ ಗೊತ್ತೇ ಆಗ್ಲಿಲ್ಲ ಕಣೋ" ಅಂದ. "ಯಾರೋ ಯಾರನ್ನೋ ಕರೀತಾ ಇದಾರೆ ಅಂದ್ಕೊಂಡೆ."